ಹಳೆಯ ಪಿಕಪ್ಪಿನ ಕ್ಯಾಬಿನ್ ಸೋರಿದಾಗ: ನೀರಿನ ಜಾಡು ಹಿಡಿದ ಬಗೆ

ಎಡಗಡೆ ಕಾಲಿಡುವ ಜಾಗದಲ್ಲಿ ನೀರು ನಿಂತಿದೆ ಎಂದ ಮಾತ್ರಕ್ಕೆ ತೂತು ಅಲ್ಲೇ ಇರಬೇಕೆಂದಿಲ್ಲ. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತು: ಹಂಚು ಒಡೆದದ್ದು ಒಂದು ಕಡೆ, ನೀರು ರೀಪಿನ ಮೇಲೆ ಜಾರಿಬಂದು ತೊಟ್ಟಿಕ್ಕುವುದು ಇನ್ನೊಂದು ಕಡೆ. ಪಿಕಪ್ಪಿನ ಕ್ಯಾಬಿನ್ನಿನಲ್ಲೂ ನೀರು ಛಾವಣಿಯ ಅಂಚಿನಲ್ಲಿ ಒಳಬಂದು, ಗಾಜಿನ ಪಕ್ಕದ ಕಂಬದೊಳಗೆ ಇಳಿದು, ಡ್ಯಾಶ್‌ಬೋರ್ಡಿನ ಹಿಂದೆ ಹರಿದು, ಮ್ಯಾಟಿನ ಅಡಿಯ ನಾರಿನ ಪದರದಲ್ಲಿ ಸೇರಿಕೊಳ್ಳುತ್ತದೆ. ಕಣ್ಣಿಗೆ ಬೀಳುವುದು ಕೊನೆಯ ನಿಲ್ದಾಣ ಮಾತ್ರ. ಕಂಡಲ್ಲೆಲ್ಲ ಸಿಲಿಕೋನ್ ಮೆತ್ತಿದ ಗಾಡಿಗಳು ಮರುವರ್ಷವೂ ಸೋರುವುದು ಇದಕ್ಕೇ.

ನಾವು ಕೈಗೆತ್ತಿಕೊಂಡದ್ದು ಶೃಂಗೇರಿ ಕಡೆಯ ಕಾಫಿ, ಅಡಿಕೆ ತೋಟದಲ್ಲಿ ದುಡಿದು ಹದಿನೈದು ವರ್ಷ ದಾಟಿದ ಡಬಲ್ ಕ್ಯಾಬಿನ್ ಪಿಕಪ್. ಮುಂದಿನ ಗಾಜು ಅಂಟಿಸಿದ್ದಲ್ಲ, ಅಂಚನ್ನು ಸುತ್ತ ಹಿಡಿದಿಡುವ ರಬ್ಬರ್ ಪಟ್ಟಿಯಲ್ಲಿ, ಅಂದರೆ ಬೀಡಿಂಗಿನಲ್ಲಿ ಕೂತದ್ದು. ಛಾವಣಿಯ ಮೇಲೆ ಬೋಲ್ಟ್ ಹಾಕಿ ಬಿಗಿದ ಕ್ಯಾರಿಯರ್. ಲಕ್ಷಣಗಳು ಎಲ್ಲ ಸೋರುವ ಗಾಡಿಗಳದ್ದೇ: ಬೆಳಿಗ್ಗೆ ಗಾಜಿನ ಒಳಮೈಗೆ ಮಂಜು, ಬಾಗಿಲು ತೆರೆದರೆ ಮುಗ್ಗಲು ವಾಸನೆ, ಎಡಮುಂದಿನ ಮ್ಯಾಟ್ ಒತ್ತಿದರೆ ಪಚಪಚ, ಹಿಂದಿನ ಸೀಟಿನ ಎಡಗಡೆಯೂ ತೇವ, ಜೋರು ಮಳೆಯ ಮರುದಿನ ಇಂಡಿಕೇಟರ್ ತನಗಿಷ್ಟ ಬಂದಂತೆ ಮಿನುಗುವುದು. ಈ ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಡ್ಯಾಶ್‌ಬೋರ್ಡಿನ ಅಡಿಯ ಫ್ಯೂಸ್ ಬಾಕ್ಸಿಗೆ ನೀರು ತಾಗುತ್ತಿದೆ ಎಂದೇ ಅದರ ಅರ್ಥ.

ಸ್ಪ್ಯಾನರ್ ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಗಾಡಿ ಮಳೆಯಲ್ಲಿ ಸುಮ್ಮನೆ ನಿಂತಿದ್ದರೂ ನೀರು ಬರುತ್ತದೆಯೇ, ಓಡಿಸಿದಾಗ ಮಾತ್ರವೇ? ಓಡಿಸಿದಾಗ ಮಾತ್ರ ಎಂದರೆ ಚಕ್ರ ಎರಚಿದ ನೀರು ನೆಲದ ತೂತಿನಿಂದಲೋ, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನಿಂದಲೋ ಬರುತ್ತಿದೆ. ಏರಿಗೆ ಮುಖ ಮಾಡಿ ನಿಲ್ಲಿಸಿದಾಗ ಹೆಚ್ಚೋ, ಇಳಿಜಾರಿಗೆ ಮುಖ ಮಾಡಿದಾಗಲೋ? ಮಳೆಯೇ ಇಲ್ಲದ ಏಪ್ರಿಲಿನಲ್ಲೂ ಎಡಗಡೆ ತೇವವಾದರೆ ಎಸಿಯ ನೀರು ಹೊರಹೋಗುವ ಪೈಪ್ ಕಟ್ಟಿದೆ. ನೀರನ್ನು ಬಿಳಿ ಟಿಶ್ಯೂ ಕಾಗದಕ್ಕೆ ಹೀರಿಸಿ ನೋಡುವುದೂ ಮುಖ್ಯ. ಬಣ್ಣವಿದ್ದು, ಬೆರಳಿಗೆ ಜಾರುವಂತಿದ್ದು, ಸಿಹಿ ವಾಸನೆ ಬಂದರೆ ಅದು ಮಳೆನೀರಲ್ಲ, ಹೀಟರಿನ ಪುಟ್ಟ ರೇಡಿಯೇಟರಿನಿಂದ ಸೋರಿದ ಕೂಲೆಂಟ್. ಆಗ ಈ ಕೆಲಸವೇ ಬೇರೆ. ನಮ್ಮ ಗಾಡಿಯದ್ದು ತಿಳಿ ನೀರು, ಜೊತೆಗೆ ಎಲೆ ಕೊಳೆತ ವಾಸನೆ. ಆ ವಾಸನೆಯೇ ಮೊದಲ ಸುಳಿವು ಕೊಟ್ಟಿತು.

ಒಳಗೆ ಬರಿದು ಮಾಡದೆ ಹುಡುಕುವುದು ವ್ಯರ್ಥ. ಬ್ಯಾಟರಿಯ ಮೈನಸ್ ಬಿಚ್ಚಿ, ಮುಂದಿನ ಸೀಟುಗಳ ಬೋಲ್ಟುಗಳನ್ನು ತೆಗೆದೆವು. ಹಳೆಯ ಗಾಡಿಗಳಲ್ಲಿ ಈ ಬೋಲ್ಟುಗಳ ತುದಿ ನೆಲದ ಅಡಿಗೆ ಚಾಚಿ ತುಕ್ಕು ಹಿಡಿದಿರುತ್ತದೆ. ಕೆಳಗಿನಿಂದ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಒಂದು ರಾತ್ರಿ ಬಿಟ್ಟರೆ ನೆಲಕ್ಕೆ ಬೆಸೆದ ನಟ್ ಕಿತ್ತು ಬರುವುದಿಲ್ಲ. ಆಮೇಲೆ ಬಾಗಿಲ ಹೊಸ್ತಿಲ ಪಟ್ಟಿಗಳು, ಕಂಬದ ಪ್ಲಾಸ್ಟಿಕ್ ಮುಚ್ಚಳಗಳು, ಮ್ಯಾಟ್. ದುಡಿಯುವ ಪಿಕಪ್ಪುಗಳಿಗೆ ಹಾಕುವ ವಿನೈಲ್ ಮ್ಯಾಟ್ ಮೇಲಿನಿಂದ ಒಣಗಿದಂತೆಯೇ ಕಾಣುತ್ತದೆ. ಅದರಡಿಯ ನಾರಿನ ಪದರ ಮಾತ್ರ ಸ್ಪಂಜಿನ ಹಾಗೆ ಹೀರಿಟ್ಟುಕೊಂಡಿರುತ್ತದೆ, ಆವಿಗೆ ಹೋಗಲು ದಾರಿಯಿಲ್ಲ. ಎತ್ತಿ ಹಿಂಡಿದಾಗ ಬಕೆಟ್ಟಿನ ತಳ ತುಂಬುವಷ್ಟು ಕಂದು ನೀರು ಇಳಿಯಿತು. ನೆಲದ ತಗಡು ತುಕ್ಕು ಹಿಡಿಯುವುದು ಹೊರಗಿನಿಂದಲ್ಲ, ಇಲ್ಲಿಂದ.

ಬರಿದಾದ ತಗಡನ್ನು ಒರೆಸಿ, ಪೂರ್ತಿ ಒಣಗಿಸಿ, ನೀರು ಇಳಿಯಬಹುದಾದ ಕಡೆಯೆಲ್ಲ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿದೆವು. ಕಂಬದ ಬುಡ, ಡ್ಯಾಶ್‌ಬೋರ್ಡಿನ ಅಡಿಯ ತಗಡು, ಬಾಗಿಲ ಹೊಸ್ತಿಲು, ಹಿಂಬದಿಯ ಗೋಡೆ. ನೀರಿನ ಒಂದೇ ಒಂದು ಹನಿ ಇಳಿದರೂ ಪುಡಿಯ ಮೇಲೆ ಗೆರೆ ಎಳೆಯುತ್ತದೆ. ಆ ಗೆರೆಯನ್ನು ಮೇಲಕ್ಕೆ ಹಿಂಬಾಲಿಸುವುದಷ್ಟೇ ನಮ್ಮ ಕೆಲಸ. ರಂಗೋಲಿ ಪುಡಿ ದಪ್ಪ, ಸಣ್ಣ ಹನಿ ಅದರಲ್ಲಿ ಕಾಣುವುದಿಲ್ಲ. ಸೀಮೆಸುಣ್ಣ ಅರೆದ ಪುಡಿ ಆಗುತ್ತದೆ.

ನೀರು ಹಾಯಿಸುವುದಕ್ಕೂ ಕ್ರಮವಿದೆ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಬೇಡವೇ ಬೇಡ. ಆ ಒತ್ತಡಕ್ಕೆ ಸರಿಯಿರುವ ಬೀಡಿಂಗೂ ಸೋಲುತ್ತದೆ, ಇಲ್ಲದ ಸೋರಿಕೆಯ ಹಿಂದೆ ಅಲೆಯಬೇಕಾಗುತ್ತದೆ. ತೋಟದ ಪೈಪಿನ ಬಾಯಿಗೆ ಬೆರಳೂ ಒತ್ತದೆ, ನೀರು ತಾನಾಗಿ ಹರಿಯುವಂತೆ ಹಿಡಿಯಬೇಕು. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಮೊದಲೇ ಛಾವಣಿಗೆ ನೀರು ಬಿಟ್ಟರೆ ಅದು ಗಾಜು, ಬಾಗಿಲು, ವೈಪರಿನ ಬುಡ ಎಲ್ಲವನ್ನೂ ತೊಯ್ಯಿಸುತ್ತದೆ, ಬಂದದ್ದು ಯಾವುದರಿಂದ ಎಂದು ಹೇಳಲಾಗದು. ಒಂದೊಂದು ಜಾಗಕ್ಕೆ ಐದರಿಂದ ಹತ್ತು ನಿಮಿಷ ಕೊಡಬೇಕು. ಕೆಲವು ಸೋರಿಕೆಗಳಲ್ಲಿ ಒಳಗಿನ ಒಂದು ಗುಂಡಿ ತುಂಬಿದ ಮೇಲಷ್ಟೇ ನೀರು ಹೊರಚೆಲ್ಲುತ್ತದೆ. ಒಬ್ಬರು ಹೊರಗೆ ಪೈಪ್ ಹಿಡಿದರೆ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿ ಮಲಗಿರಬೇಕು.

ನೆಲ, ಚಕ್ರದ ಗೂಡು, ಬಾಗಿಲಿನ ಕೆಳಭಾಗ ಒಣಗಿಯೇ ಉಳಿದವು. ಬಾನೆಟ್ಟಿನ ಹಿಂದೆ, ವೈಪರಿನ ಕೆಳಗಿರುವ ಜಾಲರಿಗೆ ನೀರು ಬಿಟ್ಟ ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು: "ಬಂತು ಅಣ್ಣ, ಬ್ಲೋವರ್ ಡಬ್ಬಿ ಮೇಲಿಂದ ಬರ್ತಾ ಇದೆ, ನಿಲ್ಸಿ!"

ಆ ಜಾಲರಿಯ ಅಡಿಯಲ್ಲಿ ತಗಡಿನ ಒಂದು ತೊಟ್ಟಿ ಇರುತ್ತದೆ. ಗಾಜಿನ ಮೇಲೆ ಬಿದ್ದ ಮಳೆಯೆಲ್ಲ ಅದಕ್ಕೇ ಇಳಿಯುವುದು. ಎರಡೂ ತುದಿಗಳಲ್ಲಿ ನೀರು ಹೊರಹೋಗಲು ತೂತು, ಅದಕ್ಕೊಂದು ರಬ್ಬರ್ ನಳಿಗೆ. ಕ್ಯಾಬಿನ್ನಿಗೆ ಹೊರಗಾಳಿ ಎಳೆಯುವ ಬಾಯಿಯೂ ಅದೇ ತೊಟ್ಟಿಯಲ್ಲಿ, ಸುತ್ತ ಎತ್ತರದ ಕಟ್ಟೆಯೊಂದಿಗೆ ಇರುತ್ತದೆ. ನಳಿಗೆ ಕಟ್ಟಿದರೆ ನೀರು ಕಟ್ಟೆ ದಾಟಿ ಒಳಗೆ ಗಾಳಿ ಊದುವ ಫ್ಯಾನಿಗೆ, ಅಂದರೆ ಬ್ಲೋವರಿಗೆ ಬೀಳುತ್ತದೆ. ನೆರಳಿನಲ್ಲಿ ನಿಲ್ಲಿಸಿದ ಗಾಡಿಗೆ ಇದು ತಪ್ಪಿದ್ದಲ್ಲ. ಸಿಲ್ವರ್ ಓಕ್ ಎಲೆ ಒಣಗಿ ಜಾಲರಿಯ ಸಂದಿಯಲ್ಲಿ ಸಲೀಸಾಗಿ ಇಳಿಯುತ್ತದೆ, ಧೂಳಿನ ಜೊತೆ ಸೇರಿ ಗೊಬ್ಬರವಾಗುತ್ತದೆ.

ವೈಪರ್ ತೋಳುಗಳು ಗಾಜಿನ ಮೇಲೆ ಎಲ್ಲಿ ಕೂರುತ್ತವೆಂದು ಟೇಪಿನಿಂದ ಗುರುತು ಹಾಕಿ ಬಿಚ್ಚಿದೆವು, ಜಾಲರಿ ಎತ್ತಿದೆವು. ಎಡತುದಿಯಲ್ಲಿ ಕಪ್ಪು ಮಣ್ಣು ತುಂಬಿ ಅದರಲ್ಲಿ ಸಣ್ಣ ಸಸಿಯೂ ಮೊಳೆತಿತ್ತು. ಕೈಯಿಂದ ತೋಡಿ, ಉಳಿದದ್ದನ್ನು ವ್ಯಾಕ್ಯೂಮಿನಿಂದ ಎಳೆಯಬೇಕೇ ಹೊರತು ನೀರು ಬಿಟ್ಟು ತಳ್ಳಬಾರದು. ತಳ್ಳಿದ ಮಣ್ಣು ನಳಿಗೆಯ ತಿರುವಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ನಳಿಗೆಯ ತುದಿ ಮುಂಚಕ್ರದ ಹಿಂದೆ, ಮಡ್‌ಗಾರ್ಡಿನ ಒಳಗೆ ತೆರೆಯುತ್ತದೆ. ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆಯಾದ ಅದರ ತುದಿಯನ್ನು ಬೆರಳಿಂದ ಹಿಸುಕಿ ಬಿಡಿಸಬೇಕು. ಕೊನೆಗೆ 2 ಲೀಟರ್ ನೀರನ್ನು ಜಗ್ಗಿನಿಂದ ಒಮ್ಮೆಗೇ ಸುರಿದು ನೋಡಿದರೆ ಅದು ನಿಲ್ಲದೆ ಚಕ್ರದ ಹಿಂದೆ ಇಳಿಯಬೇಕು.

ಒಂದು ಸೋರಿಕೆ ಸಿಕ್ಕಿತೆಂದು ಮ್ಯಾಟ್ ಹಾಸುವವರೇ ಹೆಚ್ಚು. ಹಳೆಯ ಗಾಡಿಗೆ ಒಂದೇ ಸೋರಿಕೆ ಇರುವುದು ಅಪರೂಪ. ತೊಟ್ಟಿ ಸರಿಯಾದ ಮೇಲೆ ಒರೆಸಿ, ಮತ್ತೆ ಪುಡಿ ಉದುರಿಸಿ, ಪೈಪನ್ನು ಗಾಜಿನ ಕೆಳಂಚಿನಿಂದ ಮೇಲಕ್ಕೆ ತಂದೆವು. ಎಡ ಮೇಲ್ಮೂಲೆಗೆ ಬಂದಾಗ ಕಂಬದ ಒಳಗಿನಿಂದ ಪುಡಿಯ ಮೇಲೆ ಗೆರೆ ಬಿತ್ತು. ಆ ಗೆರೆ ನೇರ ಫ್ಯೂಸ್ ಬಾಕ್ಸಿನ ನೆತ್ತಿಗೆ ಇಳಿದಿತ್ತು. ಇಂಡಿಕೇಟರಿನ ಕಾಯಿಲೆಯ ಮೂಲ ಇದು.

ಗಾಜಿನ ಬೀಡಿಂಗ್ ವಯಸ್ಸಾದಂತೆ ಕುಗ್ಗುತ್ತದೆ, ಬಿಸಿಲಿಗೆ ಗಡುಸಾಗುತ್ತದೆ. ಕುಗ್ಗಿದ ರಬ್ಬರ್ ಮೂಲೆಗಳಲ್ಲಿ ತಗಡಿನಿಂದ ಮೇಲೇಳುತ್ತದೆ, ಆದ್ದರಿಂದ ಮೊದಲು ಸೋರುವುದು ಮೂಲೆಗಳೇ. ಉಗುರಿನಿಂದ ಒತ್ತಿದಾಗ ಹಳ್ಳ ಬೀಳದೆ ಗಟ್ಟಿಯಾಗಿ ನಿಂತರೆ, ಸಣ್ಣ ಬಿರುಕುಗಳು ಕಂಡರೆ ಅದರ ಆಯುಸ್ಸು ಮುಗಿಯಿತು. ರಬ್ಬರ್ ಇನ್ನೂ ಮೆತ್ತಗಿದ್ದರೆ, ಅದರ ತುಟಿಯನ್ನು ಮರದ ಚಪ್ಪಟೆ ಕಡ್ಡಿಯಿಂದ ಎತ್ತಿ, ಗಾಜಿಗೂ ರಬ್ಬರಿಗೂ ನಡುವೆ, ರಬ್ಬರಿಗೂ ತಗಡಿಗೂ ನಡುವೆ, ಎಂದೂ ಗಟ್ಟಿಯಾಗದ ಗಾಜಿನ ಸೀಲೆಂಟ್ ತುಂಬಿದರೆ ಸಾಕಾಗುತ್ತದೆ. ನಮ್ಮದರಲ್ಲಿ ಅದು ಸಾಲದಾಗಿತ್ತು. ಬೀಡಿಂಗಿನ ಅಂಚಿನ ಪೇಂಟ್ ಉಬ್ಬಿತ್ತು. ಪೇಂಟ್ ಉಬ್ಬಿದೆ ಎಂದರೆ ರಬ್ಬರಿನ ಕೆಳಗೆ ತುಕ್ಕು, ಮತ್ತು ತುಕ್ಕಿನ ಮೇಲೆ ಯಾವ ಸೀಲೆಂಟೂ ನಿಲ್ಲುವುದಿಲ್ಲ. ಗಾಜು ಇಳಿಸಲೇಬೇಕು.

ಹಳೆಯ ರಬ್ಬರನ್ನು ಉಳಿಸುವ ಆಸೆ ಬೇಡ. ಹೊರತುಟಿಯನ್ನು ಬ್ಲೇಡಿನಿಂದ ಸುತ್ತ ಕತ್ತರಿಸಿದರೆ ಗಾಜು ಯಾವ ಒತ್ತಡವೂ ಇಲ್ಲದೆ ಹೊರಬರುತ್ತದೆ. ಒಳಗಿನಿಂದ ಕಾಲಲ್ಲಿ ಒದ್ದು ತೆಗೆಯುವ ಪದ್ಧತಿಯಲ್ಲಿ ಲ್ಯಾಮಿನೇಟೆಡ್ ಗಾಜು ಮೂಲೆಯಿಂದ ಬಿರುಕು ಬಿಡುತ್ತದೆ. ಗಾಜನ್ನು ನೆಲಕ್ಕಿಡದೆ, ಗೋಣಿಚೀಲ ಹಾಸಿದ ಬೆಂಚಿನ ಮೇಲೆ ಇಡಬೇಕು. ಅಂಚಿಗೆ ಕಲ್ಲಿನ ಒಂದು ಚೂರು ತಾಗಿದರೂ ಬಿರುಕಿಗೆ ಅಷ್ಟೇ ಸಾಕು.

ಗಾಜು ಕೂರುವ ತಗಡಿನ ತುಟಿಯನ್ನು ತಂತಿ ಬ್ರಶ್ಶಿನಿಂದ ಉಜ್ಜಿದಾಗ ಎಡಮೂಲೆಯಲ್ಲಿ ಸೂಜಿತೂತುಗಳು ಕಂಡವು. ಇಲ್ಲಿ ತಗಡು ತೆಳು. ಗ್ಯಾಸ್ ವೆಲ್ಡಿಂಗಿನ ಕಾವಿಗೆ ತುಟಿ ಸೊಟ್ಟಗಾಗಿ ಹೊಸ ಗಾಜೂ ಕೂರದಂತಾಗುತ್ತದೆ. ತಂತಿ ತಾನಾಗಿ ಬರುವ ವಿದ್ಯುತ್ ಬೆಸುಗೆಯಾದ ಮಿಗ್ ವೆಲ್ಡಿಂಗಿನಲ್ಲಿ ಚುಕ್ಕೆ ಚುಕ್ಕೆಯಾಗಿ, ನಡುನಡುವೆ ಆರಲು ಬಿಟ್ಟು, ಹಿಂದೆ ತಾಮ್ರದ ಪಟ್ಟಿ ಹಿಡಿದು ಮುಚ್ಚಿಸಿದೆವು. ತಾಮ್ರಕ್ಕೆ ಬೆಸುಗೆ ಅಂಟುವುದಿಲ್ಲ, ಕಾವನ್ನೂ ಅದು ಎಳೆದುಕೊಳ್ಳುತ್ತದೆ. ಕಿಡಿ ಹಾರುವ ಕೆಲಸಕ್ಕೆ ಮುನ್ನ ಬ್ಯಾಟರಿಯ ಎರಡೂ ವೈರ್ ಬಿಚ್ಚಿರಬೇಕು, ಡ್ಯಾಶ್‌ಬೋರ್ಡಿಗೆ ಒದ್ದೆ ಗೋಣಿ ಹೊದಿಸಿರಬೇಕು. ಗ್ರೈಂಡ್ ಮಾಡಿ, ಗುಳಿಗಳಲ್ಲಿ ಉಳಿದ ತುಕ್ಕಿಗೆ, ಅದನ್ನು ಗಟ್ಟಿ ಪದರವಾಗಿ ಬದಲಿಸುವ ರಸ್ಟ್ ಕನ್ವರ್ಟರ್ ದ್ರವ ಹಚ್ಚಿ, ಅದು ಕಪ್ಪಾಗಿ ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್ 2 ಕೋಟ್, ಆಮೇಲೆ ಪೇಂಟ್. ಬರೀ ರೆಡ್ ಆಕ್ಸೈಡ್ ಹಚ್ಚಿ ಬಿಟ್ಟರೆ ಅದು ತೇವವನ್ನು ತಡೆಯುವುದಿಲ್ಲ. ರಬ್ಬರಿನ ಅಡಿಯಲ್ಲಿ ಅದರ ಗತಿ ಏನಾಗಿದೆ ಎಂದು ಯಾರೂ ಎತ್ತಿ ನೋಡಲಾರರು, ಆದ್ದರಿಂದ ಇಲ್ಲಿ ಉಳಿತಾಯ ಮಾಡಬಾರದು.

ಹೊಸ ಬೀಡಿಂಗ್ ಆ ಗಾಡಿಯ ಮಾಡೆಲಿಗೇ ಅಚ್ಚು ಹಾಕಿದ ಒಂದೇ ಬಳೆಯಾಗಿರಬೇಕು. ಮೀಟರಿನ ಲೆಕ್ಕದಲ್ಲಿ ಕತ್ತರಿಸಿ ಕೊಡುವುದರಲ್ಲಿ ಒಂದು ಜೋಡು ಬರುತ್ತದೆ, ಎಳೆದು ಕೂರಿಸಿದ್ದರೆ ಕೆಲವೇ ತಿಂಗಳಲ್ಲಿ ಕುಗ್ಗಿ ಆ ಜೋಡು ಬಾಯಿ ತೆರೆಯುತ್ತದೆ. ಬೀಡಿಂಗನ್ನು ಬಿಸಿಲಲ್ಲಿಟ್ಟು ಮೆತ್ತಗೆ ಮಾಡಿ ಗಾಜಿನ ಸುತ್ತ ಹಾಕಿದೆವು. ಬೀಡಿಂಗಿನಲ್ಲಿ ತಗಡು ಕೂರುವ ಸೀಳಿನೊಳಗೆ 4 ಮಿ.ಮೀ. ನೈಲಾನ್ ಹಗ್ಗವನ್ನು ಸುತ್ತಲೂ ಇಳಿಸಿ, ಎರಡು ತುದಿಗಳೂ ಕೆಳಗೆ ನಡುವಿನಲ್ಲಿ ಒಂದು ಗೇಣಿನಷ್ಟು ಒಂದರ ಮೇಲೊಂದು ಬಂದು ಒಳಮುಖವಾಗಿ ಇಳಿಬೀಳುವಂತೆ ಬಿಟ್ಟೆವು. ತಗಡಿನ ತುಟಿಗೆ ಸೋಪಿನ ನೀರು. ಗ್ರೀಸ್, ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಹೊರಗೆ ಇಬ್ಬರು ಅಂಗೈಯಿಂದ ಗಾಜನ್ನು ಒತ್ತುತ್ತಿರುವಾಗ, ಒಳಗಿರುವವರು ಹಗ್ಗದ ಒಂದು ತುದಿಯನ್ನು ಗಾಜಿನ ನಡುವಿನ ಕಡೆಗೆ ನಿಧಾನವಾಗಿ ಎಳೆಯಬೇಕು. ಹಗ್ಗ ಹೊರಬಂದಂತೆಲ್ಲ ರಬ್ಬರಿನ ಒಳತುಟಿ ತಗಡನ್ನು ದಾಟಿ ಈಚೆ ಬೀಳುತ್ತದೆ. ಎಳೆಯುವವರ ವೇಗಕ್ಕೆ ಒತ್ತುವವರ ಕೈ ಜೊತೆಯಾಗಿ ಸರಿಯಬೇಕು. ಮೂಲೆಯಲ್ಲಿ ಹಗ್ಗ ಬಿಗಿಯಾದರೆ ನಿಲ್ಲಿಸಿ, ಹೊರಗಿನಿಂದ ಅಂಗೈಯಿಂದ ತಟ್ಟಿ, ಇನ್ನಷ್ಟು ಸೋಪಿನ ನೀರು ಬಿಡಬೇಕು, ಜಗ್ಗಬಾರದು. ಗಾಜು ಕೂತು, ಸೋಪಿನ ನೀರು ಆರಿದ ಮೇಲೆಯೇ ಎರಡೂ ಸಂದಿಗಳಿಗೆ ಸೀಲೆಂಟ್.

ಗಾಜು ಅಂಟಿನಿಂದ ಕೂತ ಗಾಡಿಗಳಿಗೆ ಈ ವಿಧಾನ ಹೊಂದುವುದಿಲ್ಲ. ಅದರಲ್ಲಿ ಗಾಜು ಕ್ಯಾಬಿನ್ನಿನ ಬಲದ ಭಾಗವೇ ಆಗಿರುತ್ತದೆ. ಯುರೆಥೇನ್ ಅಂಟು, ಅದರ ಪ್ರೈಮರ್, ಆರಲು ಬೇಕಾದ ಸಮಯ ಎಲ್ಲವನ್ನೂ ಬಲ್ಲ ಗಾಜಿನ ಅಂಗಡಿಗೇ ಕೊಡಬೇಕು.

ಸಿಲಿಕೋನಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ವಿನೆಗರಿನಂತೆ ಘಾಟು ಬರುವ ಸಿಲಿಕೋನ್ ಆರುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬರಿಯ ಕಬ್ಬಿಣದ ಮೇಲೆ ಅದು ತುಕ್ಕಿಗೆ ಆಹ್ವಾನ. ಅದರ ಮೇಲೆ ಪೇಂಟ್ ಹಿಡಿಯುವುದಿಲ್ಲ, ಮುಂದೆ ಸರಿಯಾದ ಸೀಲೆಂಟ್ ಹಚ್ಚಬೇಕೆಂದರೂ ಅದರ ಪಸೆ ಉಳಿದ ಕಡೆ ಅಂಟುವುದಿಲ್ಲ. ಈ ಗಾಡಿಯ ಛಾವಣಿಯ ಗಟರಿನಲ್ಲಿ, ಅಂದರೆ ಅಂಚಿನುದ್ದದ ನೀರಿನ ಕಾಲುವೆಯಲ್ಲಿ, ಹಿಂದೆ ಯಾರೋ ಮೆತ್ತಿದ್ದನ್ನು ಕೆರೆದು ತೆಗೆಯುವುದೇ ದೊಡ್ಡ ಕೆಲಸವಾಯಿತು. ತಗಡಿನ ಜೋಡುಗಳಿಗೆ ಪಿಯು (ಪಾಲಿಯುರೆಥೇನ್) ಸೀಲೆಂಟ್, ಬಿಚ್ಚಿ ಹಾಕುವ ಭಾಗಗಳಿಗೆ ಮೆತ್ತಗೆ ಅಂಟಂಟಾಗಿಯೇ ಉಳಿಯುವ ಬ್ಯುಟೈಲ್ ರಬ್ಬರಿನ ಟೇಪ್. ಇವೆರಡಿದ್ದರೆ ಗಾಜು ಬಿಟ್ಟು ಮಿಕ್ಕೆಲ್ಲ ಆಗುತ್ತದೆ.

ಗಟರಿನ ಹಳೆಯ ಸೀಲೆಂಟ್ ಒಣಗಿ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಬಿರುಕಿನ ಮೇಲೆ ಹೊಸದನ್ನು ಎಳೆದರೆ ಪ್ರಯೋಜನವಿಲ್ಲ. ಸಡಿಲವಾದದ್ದನ್ನೆಲ್ಲ ಕೆರೆದು, ಥಿನ್ನರಿನಿಂದ ಒರೆಸಿ, ಪ್ರೈಮರ್ ಹಚ್ಚಿ, 310 ಮಿ.ಲೀ.ಯ ಪಿಯು ಟ್ಯೂಬನ್ನು ಗನ್ನಿಗೆ ಹಾಕಿ ಸಣ್ಣ ಗೆರೆ ಎಳೆದು ಬೆರಳಿಂದ ಒತ್ತಿದೆವು. ಪಿಯು ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತದೆ, ದಿನಕ್ಕೆ ಸುಮಾರು 2ರಿಂದ 3 ಮಿ.ಮೀ. ಆಳದವರೆಗೆ. ಆದರೆ ಹಚ್ಚುವಾಗ ತಗಡು ಒಣಗಿರಬೇಕು. ಹಾಗಾಗಿ ಈ ಕೆಲಸಕ್ಕೆ ಏಪ್ರಿಲ್, ಮೇ ಸರಿ. ಆರಿದ್ರಾ ಮಳೆ ಹಿಡಿದ ಮೇಲೆ ಮಲೆನಾಡಿನಲ್ಲಿ ಒಣ ತಗಡು ಸಿಗುವುದು ಕಷ್ಟ.

ಕ್ಯಾರಿಯರಿನ ಬೋಲ್ಟುಗಳ ಅಡಿಯಲ್ಲಿ ಬರಿ ವಾಷರ್ ಇತ್ತು. ಹೊರೆಯ ಅಲುಗಾಟಕ್ಕೆ ತೂತು ಹಿಗ್ಗಿ, ನೀರು ಛಾವಣಿಯ ಒಳಬಟ್ಟೆಯ ಮೇಲೆ ಹರಿದು ಹಿಂದಿನ ಸೀಟಿಗೆ ಇಳಿಯುತ್ತಿತ್ತು. ತೂತಿನ ಅಂಚಿಗೆ ಪ್ರೈಮರ್, ಅದರ ಮೇಲೆ ಬ್ಯುಟೈಲಿನ ಉಂಗುರ, ಅಗಲದ ವಾಷರ್, ಒಳಗಡೆಯಿಂದ ಭಾರ ಹಂಚಲು ಒಂದು ಕಬ್ಬಿಣದ ಪಟ್ಟಿ. ಬಿಗಿದಾಗ ಬ್ಯುಟೈಲ್ ಸುತ್ತ ಸ್ವಲ್ಪ ಹೊರಚೆಲ್ಲಬೇಕು.

ಹಿಂದಿನ ಎಡಬಾಗಿಲಿನದು ಬೇರೆಯೇ ಕಥೆ. ಬಾಗಿಲಿನ ಗಾಜಿನ ಪಕ್ಕದಲ್ಲಿ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ, ಎಲ್ಲ ಗಾಡಿಯಲ್ಲೂ ಇಳಿಯುತ್ತದೆ. ಕೆಳಗಿನ ತೂತುಗಳಿಂದ ಅದು ಹೊರಹೋಗಬೇಕು. ಒಳಗಿನ ಕಾರ್ಡ್‌ಬೋರ್ಡಿಗೂ ಬಾಗಿಲ ತಗಡಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಸ್ಪೀಕರ್ ಕೂರಿಸಿದವರು ಅದನ್ನು ಹರಿದು ಹಾಗೇ ಬಿಟ್ಟಿದ್ದರು. ಆ ಹಾಳೆ ಧೂಳಿಗಾಗಿ ಹಾಕಿದ್ದಲ್ಲ, ನೀರನ್ನು ಬಾಗಿಲೊಳಗೇ ಇಳಿಸಲು ಹಾಕಿದ್ದು. ದಪ್ಪ ಪಾಲಿಥಿನ್ ಹಾಳೆಯನ್ನು ಅಳತೆಗೆ ಕತ್ತರಿಸಿ, ಸುತ್ತ ಬ್ಯುಟೈಲ್ ಎಳೆಯಿಂದ ಅಂಟಿಸಿದೆವು. ಮುಖ್ಯವಾದದ್ದು ಕೆಳಂಚು: ಅದು ಬಾಗಿಲ ತಗಡಿನ ಸೀಳಿನೊಳಗೆ ಇಳಿದಿರಬೇಕು. ಹೊರಗೆ ಇಳಿಬಿಟ್ಟರೆ ಹಾಳೆಯ ಮೇಲೆ ಜಾರಿದ ನೀರೆಲ್ಲ ನೇರ ಕ್ಯಾಬಿನ್ನಿಗೇ ಬರುತ್ತದೆ. ಬಾಗಿಲಿನ ತಳದ ತೂತುಗಳು ಅಂಡರ್‌ಬಾಡಿ ಕೋಟಿಂಗಿನಿಂದ ಮುಚ್ಚಿಹೋಗಿದ್ದವು. ಬಿದಿರಿನ ಕಡ್ಡಿಯಿಂದ ಬಿಡಿಸಿದಾಗ ಒಳಗೆ ನಿಂತ ನೀರು ಧಾರೆಯಾಗಿ ಇಳಿಯಿತು. ಬಾಗಿಲು ಹಾಕುವಾಗ ಒಳಗೆ ಗುಳುಗುಳು ಸದ್ದು ಬಂದರೆ ಇದನ್ನೇ ನೋಡಬೇಕು. ಬಾಗಿಲ ಸುತ್ತಿನ ಬೀಡಿಂಗಿಗೆ ಕಾಗದದ ಪರೀಕ್ಷೆ ಸಾಕು: ಕಾಗದ ಇಟ್ಟು ಬಾಗಿಲು ಹಾಕಿ ಎಳೆದಾಗ ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಒತ್ತುತ್ತಿಲ್ಲ. ಹಲವು ಬಾರಿ ರಬ್ಬರ್ ಚೆನ್ನಾಗಿದ್ದು ಹಿಂಜ್ ಸವೆದು ಬಾಗಿಲು ಜೋತಿರುತ್ತದೆ.

ಪೈಪಿನ ನೀರಿಗೆ ಸಿಗದ ಸಣ್ಣ ಸೋರಿಕೆಗೆ ಗಾಳಿ ನೆರವಾಗುತ್ತದೆ. ಎಲ್ಲ ಗಾಜು ಮುಚ್ಚಿ, ಬ್ಲೋವರನ್ನು ಹೊರಗಾಳಿಗೆ ಹಾಕಿ ಪೂರ್ತಿ ವೇಗ ಕೊಟ್ಟು, ಗಾಳಿ ಹೊರಹೋಗುವ ಕಿಂಡಿಗಳಿಗೆ ಟೇಪ್ ಅಂಟಿಸಿ, ಹೊರಗಿನಿಂದ ಸೋಪಿನ ನೀರು ಸಿಂಪಡಿಸಿದರೆ ಸಂದಿ ಇದ್ದಲ್ಲಿ ಗುಳ್ಳೆ ಏಳುತ್ತದೆ. ಫಾಗ್ ಲ್ಯಾಂಪಿಗೆಂದು ಎಂಜಿನ್ ಕಡೆಯಿಂದ ಎಳೆದ ವೈರಿನ ತೂತು ನಮಗೆ ಹೀಗೆ ಸಿಕ್ಕಿತು. ತೂತಿನ ಅಂಚಿಗೆ ಕೂರುವ ರಬ್ಬರ್ ಉಂಗುರ (ಗ್ರಾಮೆಟ್) ಇಲ್ಲದೆ ತಗಡಿಗೆ ತೂತು ಹೊಡೆದಿದ್ದರು, ವೈರಿನ ಹೊದಿಕೆಯೂ ಸವೆದಿತ್ತು. ಗ್ರಾಮೆಟ್ ಹಾಕಿ, ವೈರ್ ಒಳಬರುವ ಮೊದಲು ಒಮ್ಮೆ ಕೆಳಕ್ಕೆ ಬಾಗಿ ಮೇಲೇಳುವಂತೆ ಕಟ್ಟಿದೆವು. ಹಾಗಿದ್ದರೆ ವೈರ್ ಗುಂಟ ಬಂದ ನೀರು ಬಾಗಿದಲ್ಲೇ ಬಿದ್ದುಹೋಗುತ್ತದೆ.

ಎಸಿಯ ನೀರಿನ ಪೈಪನ್ನೂ ಅದೇ ಕೈಯಲ್ಲಿ ನೋಡಿದೆವು. ತುದಿಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ಎಳೆಯನ್ನು ಕೆಳಗಿನಿಂದ ತೂರಿಸಿ ಬಿಡಿಸಬೇಕು. ಕಂಪ್ರೆಸರಿನ ಗಾಳಿ ಜೋರಾಗಿ ಬಿಟ್ಟರೆ ಒಳಗಿನ ಪ್ಲಾಸ್ಟಿಕ್ ಡಬ್ಬಿಯ ಜೋಡು ಬಿಚ್ಚಿಕೊಳ್ಳಬಹುದು. ಎಸಿ ಹಾಕಿ ಹತ್ತು, ಹದಿನೈದು ನಿಮಿಷಕ್ಕೆ ಗಾಡಿಯ ಅಡಿಯಲ್ಲಿ ಹನಿ ಬೀಳಬೇಕು.

ಒಂದೊಂದು ಸೋರಿಕೆ ಮುಚ್ಚಿದ ಮೇಲೂ ಪುಡಿ, ಪೈಪು ಮತ್ತೆ ಮೊದಲಿಂದ. ಎರಡನ್ನು ಒಟ್ಟಿಗೆ ಮುಚ್ಚಿದರೆ ಯಾವುದು ವಾಸಿಯಾಯಿತೆಂದು ತಿಳಿಯುವುದಿಲ್ಲ. ಫ್ಯೂಸ್ ಬಾಕ್ಸಿನ ಪ್ಲಗ್ಗುಗಳಲ್ಲಿ ಹಸಿರು ಕಿಲುಬು ಕಂಡದ್ದನ್ನು ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಉಜ್ಜಿದೆವು. ನೆಲದ ತುಕ್ಕನ್ನು ಕೆರೆದು, ಸುತ್ತಿಗೆಯ ಹಿಡಿಯಿಂದ ಒತ್ತಿದಾಗ ಕುಸಿದ ಒಂದು ಕಡೆ ಮಾತ್ರ 1.2 ಮಿ.ಮೀ. ತಗಡಿನ ಪ್ಯಾಚ್ ಬೆಸೆದು, ಅಂಚಿಗೆ ಪಿಯು, ಮೇಲೆ ಎಪಾಕ್ಸಿ ಪ್ರೈಮರ್ ಮತ್ತು ಪೇಂಟ್. ನೆಲದಲ್ಲಿರುವ ರಬ್ಬರ್ ಬಿರಡೆಗಳು ಕಳೆದುಹೋಗಿದ್ದರೆ ಹೊಸದು ಹಾಕಬೇಕು. ನಾರಿನ ಹಳೆಯ ಪದರ ಎಷ್ಟು ಒಣಗಿಸಿದರೂ ವಾಸನೆ ಬಿಡುವುದಿಲ್ಲ, ಅದನ್ನು ಎಸೆದು ಹೊಸದು ಹಾಸುವುದೇ ಸರಿ.

ಕೊನೆಯ ಪರೀಕ್ಷೆಗೆ ಗಾಡಿಯನ್ನು ಏರಿಗೆ ಮುಖ ಮಾಡಿ ಒಮ್ಮೆ, ಇಳಿಜಾರಿಗೆ ಮುಖ ಮಾಡಿ ಒಮ್ಮೆ ನಿಲ್ಲಿಸಿ, ಛಾವಣಿಯ ಮೇಲಿಂದ ಅರ್ಧ ಗಂಟೆಯಂತೆ ನೀರು ಹರಿಸಿದೆವು. ಪುಡಿಯ ಮೇಲೆ ಗೆರೆ ಬೀಳಲಿಲ್ಲ. ಆದರೂ ಸೀಟು ಮಾತ್ರ ಕೂರಿಸಿ, ಮ್ಯಾಟ್ ಹಾಸದೆ, ಬರಿಯ ತಗಡಿನ ಮೇಲೆಯೇ ಗಾಡಿಯನ್ನು ಮೊದಲ ಜೋರು ಮಳೆಗೆ ಬಿಡಬೇಕು. ಪೈಪಿನ ನೀರು ಮೇಲಿಂದ ಬೀಳುತ್ತದೆ, ಘಾಟಿಯ ಮಳೆ ಅಡ್ಡಡ್ಡ ಹೊಡೆಯುತ್ತದೆ. ಆ ಮಳೆಯಲ್ಲೂ ತಗಡು ಒಣಗಿ ಉಳಿದರೆ ಮ್ಯಾಟ್ ಹಾಸಬಹುದು. ಆಮೇಲೆ ಪ್ರತಿ ಮೇ ತಿಂಗಳಲ್ಲಿ ಜಾಲರಿಯ ತೊಟ್ಟಿಗೆ ಒಂದು ಜಗ್ ನೀರು ಸುರಿದು ನೋಡುವುದು, ಬಾಗಿಲ ತಳದ ತೂತುಗಳಿಗೆ ಕಡ್ಡಿ ಆಡಿಸುವುದು, ಎಸಿ ಪೈಪಿನ ತುದಿ ಮುಟ್ಟಿ ನೋಡುವುದು ತಪ್ಪಿಸಬಾರದು.